ಪ್ರಶ್ನೋತ್ತರ: ಬೆಳಿಗ್ಗೆ ಕುಂಟುವ ಮಗು, ಮಧ್ಯಾಹ್ನ ಓಡುವ ಮಗು

ಕಳೆದ ಸಂಚಿಕೆಯಲ್ಲಿ ಮಗುವಿನ ಮಂಡಿ ಊತದ ಬಗ್ಗೆ ಒಬ್ಬರು ಕೇಳಿದ್ದಕ್ಕೆ ನಾಲ್ಕೇ ಸಾಲು ಬರೆದಿದ್ದೆ, ಜಾಗ ಇರಲಿಲ್ಲ. ಆಮೇಲೆ ಬಂದ ಪತ್ರ, ವಾಟ್ಸಾಪ್ ಎಲ್ಲ ನೋಡಿದರೆ ಹೆಚ್ಚಿನವು ಅದೇ ವಿಷಯದವು. ಸುಮಾರು ಜನ ಶುರು ಮಾಡಿದ್ದೇ "ಮಕ್ಕಳಿಗೂ ಸಂಧಿವಾತ ಬರುತ್ತಾ ಡಾಕ್ಟ್ರೇ?" ಅಂತ. ಬರುತ್ತದೆ. ಒಂದು ವರ್ಷದ ಕೂಸಿಗೂ ಬರಬಹುದು. ಅದಕ್ಕೇ ಈ ಸಲದ ಅಂಕಣ ಪೂರ್ತಿ ಇದಕ್ಕೇ. ಪತ್ರಗಳನ್ನು ಚಿಕ್ಕದು ಮಾಡಿದ್ದೇನೆ, ಹೆಸರು ಬಿಟ್ಟಿದ್ದೇನೆ.

ಮಗಳಿಗೆ ಮೂರು ವರ್ಷ. ಎರಡು ತಿಂಗಳಿಂದ ಬೆಳಿಗ್ಗೆ ಎದ್ದಾಗ ಕುಂಟುತ್ತಾಳೆ, ಎತ್ತಿಕೋ ಅಂತ ಹಟ ಮಾಡುತ್ತಾಳೆ. ಹತ್ತು ಗಂಟೆ ಹೊತ್ತಿಗೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಓಡಾಡುತ್ತಾಳೆ. ನೋವಾ ಅಂದರೆ ಇಲ್ಲ ಅಂತಾಳೆ. ಬಲ ಮಂಡಿ ಸ್ವಲ್ಪ ದಪ್ಪ ಕಾಣುತ್ತದೆ. ಎಕ್ಸ್‌ರೇ ನಾರ್ಮಲ್. ಅಂಗನವಾಡಿ ತಪ್ಪಿಸೋಕೆ ನಾಟಕ ಅಂತಾರೆ ನಮ್ಮತ್ತೆ. ಒಂದ್ಸಲ ಉಳುಕು ತೆಗೆಸಿದ್ದೂ ಆಯಿತು. — ಒಬ್ಬ ತಾಯಿ, ದಾವಣಗೆರೆ

ನಾಟಕ ಅಲ್ಲಮ್ಮ. ಮೂರು ವರ್ಷದ ಮಗು ಎರಡು ತಿಂಗಳು ಬಿಡದೆ, ಅದೂ ಬೆಳಿಗ್ಗೆ ಮಾತ್ರ, ಅದೂ ಒಂದೇ ಕಾಲಲ್ಲಿ ನಾಟಕ ಮಾಡುವುದಿಲ್ಲ. ನೀವು ಬರೆದ ಇಷ್ಟರಲ್ಲೇ ಈ ಕಾಯಿಲೆಯ ಅರ್ಧ ಪಾಠ ಇದೆ, ಹಾಗಾಗಿ ಸ್ವಲ್ಪ ಉದ್ದಕ್ಕೇ ಉತ್ತರಿಸುತ್ತೇನೆ.

ಕೀಲಿನೊಳಗೆ ಉರಿಯೂತ ಇದ್ದರೆ, ರಾತ್ರಿಯಿಡೀ ಅಲ್ಲಾಡದೆ ಮಲಗಿದಾಗ ಅದು ಬಿಗಿದುಕೊಳ್ಳುತ್ತದೆ. ಎದ್ದು ಓಡಾಡಿದ ಮೇಲೆ ಸಡಿಲವಾಗುತ್ತದೆ. ಮಧ್ಯಾಹ್ನ ಮಲಗಿ ಎದ್ದಾಗ, ಬಸ್ಸಲ್ಲಿ ತುಂಬಾ ಹೊತ್ತು ಕೂತು ಇಳಿದಾಗ, ಟಿವಿ ಮುಂದಿನಿಂದ ಎದ್ದಾಗಲೂ ಹೀಗೇ. ವಯಸ್ಸಾದವರ ಮಂಡಿ ಸವೆತದಲ್ಲಿ ಇದು ಉಲ್ಟಾ, ನಡೆದಷ್ಟೂ ನೋವು ಜಾಸ್ತಿ. ಓಡಾಡಿದರೆ ಕಮ್ಮಿಯಾಗುವ ಕೀಲು ನೋವು ಅಂದರೆ ನಿಮ್ಮತ್ತೆಗೆ ನಂಬಿಕೆ ಬರದಿರುವುದು ಅದಕ್ಕೇ, ಅವರ ಮೇಲೆ ಸಿಟ್ಟಾಗಬೇಡಿ.

ಇನ್ನು ನೋವಿನ ಮಾತು. ಚಿಕ್ಕ ಮಕ್ಕಳು ನೋವು ಅಂತ ಹೇಳುವುದು ಕಡಿಮೆ. ನೋವಾಗುವ ಕೆಲಸವನ್ನೇ ಬಿಟ್ಟುಬಿಡುತ್ತಾರೆ. ಮೆಟ್ಟಿಲು ಹತ್ತುತ್ತಿದ್ದ ಮಗು ಎತ್ತಿಕೋ ಅನ್ನುತ್ತದೆ, ಕುಕ್ಕರಗಾಲಲ್ಲಿ ಕೂರುತ್ತಿದ್ದದ್ದು ಕಾಲು ಚಾಚಿ ಕೂರುತ್ತದೆ, ಬಲಗೈಯಲ್ಲಿ ಉಣ್ಣುತ್ತಿದ್ದದ್ದು ಎಡಗೈ ಚಾಚುತ್ತದೆ. ಬಾಯಿಂದ ಬರುವ ಉತ್ತರಕ್ಕಿಂತ ಇದನ್ನು ನೋಡಿ. ಇನ್ನೊಂದು ವಿಷಯ, ನಾವು ಡಾಕ್ಟರುಗಳು ಸಾಮಾನ್ಯವಾಗಿ ಮಗುವನ್ನು ನೋಡುವುದು ಹನ್ನೊಂದು ಗಂಟೆ ಮೇಲೆ ಅಥವಾ ಸಂಜೆ. ಅಷ್ಟು ಹೊತ್ತಿಗೆ ಕುಂಟು ಹೋಗಿರುತ್ತದೆ, "ಚೆನ್ನಾಗೇ ನಡೀತಾಳಲ್ಲ" ಅಂತ ಕಳಿಸಿಬಿಡುತ್ತಾರೆ. ಬೆಳಿಗ್ಗೆ ಹಾಸಿಗೆಯಿಂದ ಇಳಿದ ತಕ್ಷಣ ಅವಳು ನಡೆಯುವುದನ್ನು ಮೊಬೈಲಲ್ಲಿ ವಿಡಿಯೊ ಮಾಡಿಕೊಳ್ಳಿ. ಎಷ್ಟೋ ಪರೀಕ್ಷೆಗಳಿಗಿಂತ ಅದು ಹೆಚ್ಚು ಹೇಳುತ್ತದೆ.

16 ವರ್ಷದೊಳಗೆ ಶುರುವಾಗಿ, ಒಂದು ಕೀಲಾದರೂ ಕನಿಷ್ಠ 6 ವಾರ ಊದಿಕೊಂಡಿದ್ದು, ಬೇರೆ ಯಾವ ಕಾರಣವೂ ಸಿಗದಿದ್ದರೆ ಅದನ್ನು ಜುವೆನೈಲ್ ಇಡಿಯೋಪಥಿಕ್ ಆರ್ಥ್ರೈಟಿಸ್ ಅನ್ನುತ್ತಾರೆ, ಗಿಡ್ಡಕ್ಕೆ ಜೆಐಎ. ರೋಗಾಣುಗಳ ಮೇಲೆ ಹೋಗಬೇಕಾದ ದೇಹದ ರಕ್ಷಣಾ ವ್ಯವಸ್ಥೆ ದಾರಿ ತಪ್ಪಿ ಕೀಲಿನ ಒಳಪದರದ ಮೇಲೆ ಬೀಳುತ್ತದೆ. ನೀವು ಏನೋ ತಿನ್ನಿಸಿದ್ದರಿಂದ, ಬೀಳಿಸಿದ್ದರಿಂದ, ಥಂಡಿಯಿಂದ ಬಂದದ್ದಲ್ಲ. 6 ವಾರ ಅನ್ನುವ ಲೆಕ್ಕ ಯಾಕೆಂದರೆ, ವೈರಸ್ ಜ್ವರದ ನಂತರ ಬರುವ ಕೀಲು ಊತ ಸಾಮಾನ್ಯವಾಗಿ ಅಷ್ಟರಲ್ಲಿ ತಾನೇ ಇಳಿಯುತ್ತದೆ. ಚಿಕೂನ್‌ಗುನ್ಯಾ 2006ರಲ್ಲಿ ನಮ್ಮ ರಾಜ್ಯದಲ್ಲಿ ಊರಿಗೂರನ್ನೇ ಮಲಗಿಸಿತ್ತಲ್ಲ, ಆಗಲೂ ಹೆಚ್ಚಿನ ಮಕ್ಕಳು ದೊಡ್ಡವರಿಗಿಂತ ಬೇಗ ಎದ್ದು ಓಡಾಡಿದರು. ಹಾಗಂತ 6 ವಾರ ಮನೆಯಲ್ಲೇ ಕಾಯಿರಿ ಅಂತಲ್ಲ. ಕೀಲು ದಿಢೀರನೆ ಊದಿ, ಕೆಂಪಾಗಿ, ಬಿಸಿಯಾಗಿ, ಜ್ವರ ಇದ್ದು, ಮಗು ಕಾಲೇ ಊರುತ್ತಿಲ್ಲ ಅಂದರೆ ಒಳಗೆ ಕೀವು ಇರಬಹುದು. ಅದಕ್ಕೆ ಅವತ್ತೇ ಆಸ್ಪತ್ರೆ, ನಾಳೆ ಅಲ್ಲ.

ಎಕ್ಸ್‌ರೇ ನಾರ್ಮಲ್ ಅನ್ನುವುದರಿಂದ ಸಮಾಧಾನ ಪಡಬೇಡಿ. ಎಕ್ಸ್‌ರೇಯಲ್ಲಿ ಕಾಣುವುದು ಮೂಳೆ. ಶುರುವಿನಲ್ಲಿ ತೊಂದರೆ ಇರುವುದು ಒಳಪದರದಲ್ಲಿ, ಅಲ್ಲಿ ತುಂಬಿದ ನೀರಿನಲ್ಲಿ. ಅದು ಅಲ್ಟ್ರಾಸೌಂಡಿನಲ್ಲಿ ಕಾಣುತ್ತದೆ. ರಕ್ತ ಪರೀಕ್ಷೆಯೂ ಅಷ್ಟೇ. ಒಂದೆರಡು ಕೀಲಿನ ಕಾಯಿಲೆಯಲ್ಲಿ ಉರಿಯೂತ ಅಳೆಯುವ ಇಎಸ್‌ಆರ್, ಸಿಆರ್‌ಪಿ ನಾರ್ಮಲ್ ಇರಬಹುದು. ದೊಡ್ಡವರಲ್ಲಿ ನೋಡುವ ರುಮಟಾಯ್ಡ್ ಫ್ಯಾಕ್ಟರ್ ಬಹುತೇಕ ಮಕ್ಕಳಲ್ಲಿ ನೆಗೆಟಿವ್ ಬರುತ್ತದೆ, ಆದರೂ ಕಾಯಿಲೆ ಇರುತ್ತದೆ. ಕೈಯಿಟ್ಟು ಕೀಲು ಮುಟ್ಟಿ, ಬಗ್ಗಿಸಿ, ಇನ್ನೊಂದು ಕಾಲಿನ ಜೊತೆ ಹೋಲಿಸಿ ನೋಡುವುದೇ ಇಲ್ಲಿ ಮುಖ್ಯ. ಒಂದೇ ಕೀಲು ಅಂದಾಗ ಟಿಬಿ ಇಲ್ಲ ಅಂತ ನೋಡಿಕೊಳ್ಳಬೇಕು. ಗಂಡು ಮಗು ಸಣ್ಣದಾಗಿ ಬಿದ್ದರೂ ಮಂಡಿ ದಪ್ಪಗಾಗುತ್ತಿದ್ದರೆ ಹೀಮೋಫಿಲಿಯಾ, ಅಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ, ನೆನಪಾಗಬೇಕು, ಅದರಲ್ಲಿ ಕೀಲಿನೊಳಗೆ ರಕ್ತ ತುಂಬುತ್ತದೆ.

ನಿಮ್ಮೂರಲ್ಲೇ ಮೆಡಿಕಲ್ ಕಾಲೇಜುಗಳಿವೆ, ಮಕ್ಕಳ ವಿಭಾಗದಿಂದ ಶುರು ಮಾಡಿ. ಜೆಐಎ ಅಂತ ಅನುಮಾನ ಬಂದರೆ ಮಕ್ಕಳ ರುಮಟಾಲಜಿಸ್ಟ್, ಅಂದರೆ ಇಂಥ ಕೀಲು ಕಾಯಿಲೆಗಳ ತಜ್ಞರ, ಹತ್ತಿರ ಕಳಿಸಿ ಅಂತ ನೀವೇ ಕೇಳಿ. ಬೆಂಗಳೂರಿನಲ್ಲಿ ಇದ್ದಾರೆ, ಬೇರೆ ಜಿಲ್ಲೆಗಳಲ್ಲಿ ಸಿಗುವುದು ಕಷ್ಟ. ಈ ಬಗೆಯಲ್ಲಿ, ಅಂದರೆ ಮೊದಲ 6 ತಿಂಗಳಲ್ಲಿ 4 ಅಥವಾ ಅದಕ್ಕಿಂತ ಕಡಿಮೆ ಕೀಲು ಊದುವ ಬಗೆಯಲ್ಲಿ, ಕೀಲಿನೊಳಗೇ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ಚಿಕ್ಕ ಮಕ್ಕಳಿಗೆ ಮಂಪರು ಬರಿಸಿ ಕೊಡುತ್ತಾರೆ, ಹೆದರಬೇಡಿ, ಎಷ್ಟೋ ಮಕ್ಕಳಿಗೆ ಒಂದೇ ಸಲಕ್ಕೆ ತಿಂಗಳುಗಟ್ಟಲೆ ಆರಾಮ ಸಿಗುತ್ತದೆ. ಸುಮ್ನೆ ಬಿಟ್ಟರೆ ಮಂಡಿ ನೆಟ್ಟಗಾಗದೆ ಉಳಿಯುತ್ತದೆ, ತೊಡೆಯ ಮಾಂಸ ಸೊರಗುತ್ತದೆ, ಇನ್ನೂ ವಿಚಿತ್ರ ಅಂದರೆ ಊದಿದ ಕಡೆಗೆ ರಕ್ತ ಜಾಸ್ತಿ ಹರಿದು ಆ ಕಾಲೇ ಇನ್ನೊಂದಕ್ಕಿಂತ ಉದ್ದ ಬೆಳೆಯಬಹುದು. ಉಳುಕು ತೆಗೆಸುವುದು ಇಲ್ಲಿಗೆ ಸಾಕು. ಊದಿದ ಕೀಲನ್ನು ತಿರುಚಿ ಎಳೆದರೆ ಒಳ್ಳೆಯದಾಗುವುದಿಲ್ಲ.

ಆರು ವರ್ಷದ ಮಗ ವಾರಕ್ಕೆ ಮೂರು ನಾಲ್ಕು ರಾತ್ರಿ ಕಾಲು ನೋವು ಅಂತ ಅಳುತ್ತಾನೆ. ಎಣ್ಣೆ ಹಚ್ಚಿ ನೀವಿದರೆ ಮಲಗುತ್ತಾನೆ. ಬೆಳಿಗ್ಗೆ ಏನೂ ಇರಲ್ಲ. ಇದೂ ಸಂಧಿವಾತವಾ? — ಒಬ್ಬ ತಂದೆ, ಶಿರಸಿ

ನೀವು ಹೇಳಿದ್ದನ್ನು ನೋಡಿದರೆ ಅಲ್ಲ. ಎರಡೂ ಕಾಲು, ಮೀನಖಂಡ ಅಥವಾ ತೊಡೆ, ಸಂಜೆ ಅಥವಾ ರಾತ್ರಿ, ನೀವಿದರೆ ಕಮ್ಮಿ, ಬೆಳಿಗ್ಗೆ ಕುಂಟಿಲ್ಲ, ಊತ ಇಲ್ಲ, ಆಟ ಊಟ ಎಂದಿನ ಹಾಗೆ. ಇದನ್ನು ಬೆಳವಣಿಗೆಯ ನೋವು ಅನ್ನುತ್ತಾರೆ. ಬೆಳವಣಿಗೆಗೂ ಇದಕ್ಕೂ ಸಂಬಂಧ ಇದ್ದ ಹಾಗೆ ಕಾಣುವುದಿಲ್ಲ, ಆದರೆ ಆ ಹೆಸರು ಅಂಟಿಕೊಂಡಿದೆ. ಹೆಚ್ಚು ಕುಣಿದ ದಿನ ಜಾಸ್ತಿ ಬರುತ್ತದೆ. ಎಣ್ಣೆ ಹಚ್ಚಿ ನೀವಿ, ಧಾರಾಳವಾಗಿ.

ಇದರಲ್ಲಿ ಒಂದು ಎಚ್ಚರ. ಒಂದೇ ಕಾಲಲ್ಲಿ ಒಂದೇ ಜಾಗದಲ್ಲಿ ನೋವು, ಮುಟ್ಟಿದರೆ ಕಿರುಚುವಷ್ಟು ಮೂಳೆ ನೋವು, ನೀವಿಸಿಕೊಳ್ಳಲು ಬಿಡದಿರುವುದು, ಜೊತೆಗೆ ಬಿಳಿಚಿಕೊಳ್ಳುವುದು, ತೂಕ ಇಳಿಯುವುದು, ಬಿಟ್ಟು ಬಿಟ್ಟು ಜ್ವರ, ಮೈಮೇಲೆ ಸುಮ್ಮಸುಮ್ಮನೆ ನೀಲಿ ಕಲೆ. ಇವುಗಳಲ್ಲಿ ಯಾವುದು ಕಂಡರೂ ಕೂಡಲೇ ತೋರಿಸಿ, ರಕ್ತದ ಕಣಗಳ ಲೆಕ್ಕ ಮಾಡಿಸಿ. ಮಕ್ಕಳ ರಕ್ತದ ಕ್ಯಾನ್ಸರ್ ಕೆಲವು ಸಲ ಮೊದಲು ಕಾಲು ನೋವಾಗಿಯೇ ಬರುತ್ತದೆ. ಲೇಬಲ್ ಇಲ್ಲದ ಪುಡಿ, ಕಪ್ಪು ಗುಳಿಗೆ ಕೊಡುವವರ ಹತ್ತಿರ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ ಅಂತ ನಾನು ಗೋಗರೆಯುವುದೂ ಇದಕ್ಕೇ. ಅಂಥ ಕೆಲವದರಲ್ಲಿ ಸ್ಟೀರಾಯ್ಡ್ ಬೆರೆಸಿರುತ್ತಾರೆ. ಎರಡು ದಿನದಲ್ಲಿ ನೋವು ಮಾಯ, ಮನೆಯವರಿಗೆ ಖುಷಿ, ಆದರೆ ಒಳಗಿನ ಕಾಯಿಲೆಯ ಗುರುತೂ ಅದರ ಜೊತೆ ಮುಚ್ಚಿಹೋಗುತ್ತದೆ.

ಮಗನಿಗೆ ಒಂಬತ್ತು. ಎರಡು ವರ್ಷದ ಹಿಂದೆ ಕೀಲು ನೋವು ಅಂತ ಹೋದಾಗ ಎಎಸ್‌ಒ ಜಾಸ್ತಿ ಇದೆ, ವಾತಜ್ವರ, ಹಾರ್ಟಿಗೆ ಹೋಗುತ್ತದೆ ಅಂದರು. ಅವತ್ತಿಂದ 21 ದಿನಕ್ಕೊಂದು ಪೆನಿಸಿಲಿನ್ ಸೂಜಿ. ಮಣಿಕಟ್ಟು, ಮಂಡಿ ಊತ ಇಳಿದೇ ಇಲ್ಲ. ಎಎಸ್‌ಒ ಪ್ರತಿ ಸಲ ಮಾಡಿಸುತ್ತೇವೆ, ಏರುತ್ತದೆ ಇಳಿಯುತ್ತದೆ. — ಕಲಬುರಗಿಯಿಂದ

ಈ ಪತ್ರ ಓದಿ ಬೇಜಾರಾಯಿತು, ಯಾಕೆಂದರೆ ಈ ಕಥೆ ಅಪರೂಪದ್ದಲ್ಲ. ಎಎಸ್‌ಒ ಅನ್ನುವ ರಕ್ತ ಪರೀಕ್ಷೆ ಹೇಳುವುದು ಒಂದೇ ವಿಷಯ: ಈ ಹಿಂದೆ ಸ್ಟ್ರೆಪ್ಟೊಕಾಕಸ್ ಅನ್ನುವ ಬ್ಯಾಕ್ಟೀರಿಯಾ ಸೋಂಕು, ಹೆಚ್ಚಾಗಿ ಗಂಟಲಿನದು, ಆಗಿತ್ತು. ಶಾಲೆಗೆ ಹೋಗುವ ಎಷ್ಟೋ ಆರೋಗ್ಯವಂತ ಮಕ್ಕಳಲ್ಲಿ ಅದು ಲ್ಯಾಬಿನವರು ಬರೆದ ಗಡಿಗಿಂತ ಮೇಲೇ ಇರುತ್ತದೆ. ಬರೀ ಆ ಅಂಕಿ ನೋಡಿ ವಾತಜ್ವರ, ಅಂದರೆ ರುಮಾಟಿಕ್ ಜ್ವರ, ಅನ್ನಲು ಬರುವುದಿಲ್ಲ. ಅದಕ್ಕೆ ಹಲವು ಲಕ್ಷಣ ಸೇರಿಸಿ ನೋಡುವ ಜೋನ್ಸ್ ಮಾನದಂಡ ಅಂತ 1944ರಿಂದ ಇದೆ, 2015ರಲ್ಲಿ ಪರಿಷ್ಕರಣೆಯೂ ಆಗಿದೆ.

ಎರಡಕ್ಕೂ ವ್ಯತ್ಯಾಸ ಹೀಗೆ. ರುಮಾಟಿಕ್ ಜ್ವರದ ಕೀಲು ನೋವು ಓಡಾಡುತ್ತದೆ, ಇವತ್ತು ಮಂಡಿ, ನಾಡಿದ್ದು ಹಿಮ್ಮಡಿ ಗಂಟು, ಆಮೇಲೆ ಮೊಣಕೈ. ನೋವು ಜೋರು, ಮುಟ್ಟಲೂ ಬಿಡುವುದಿಲ್ಲ, ಆದರೆ ಕೆಲವೇ ವಾರದಲ್ಲಿ ಗುರುತಿಲ್ಲದೆ ಹೋಗುತ್ತದೆ. ಹೃದಯದ ಕವಾಟಕ್ಕೆ ಪೆಟ್ಟು ಬಿದ್ದರೆ ಅದು ಉಳಿಯುತ್ತದೆ. ಜೆಐಎಯಲ್ಲಿ ಊತ ಒಂದೇ ಜಾಗದಲ್ಲಿ ತಿಂಗಳುಗಟ್ಟಲೆ ಕೂತಿರುತ್ತದೆ. ಎರಡು ವರ್ಷದಿಂದ ಇಳಿಯದ ಮಣಿಕಟ್ಟಿನ ಊತ ರುಮಾಟಿಕ್ ಜ್ವರದ್ದು ಅಂದರೆ ನನಗೆ ಒಪ್ಪಲು ಕಷ್ಟ.

ಹಾಗಂತ ಇದನ್ನು ಓದಿ ಸೂಜಿ ನಿಲ್ಲಿಸಬೇಡಿ. ರುಮಾಟಿಕ್ ಜ್ವರ ನಿಜವಾಗಿ ಬಂದ ಮಗುವಿಗೆ ಆ ಸೂಜಿಯೇ ಹೃದಯ ಕಾಯುವುದು, ಅದನ್ನು ಒಂದೂ ತಪ್ಪಿಸದೆ ವರ್ಷಗಟ್ಟಲೆ ಹಾಕಿಸಬೇಕು. ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿ, ಹಳೆಯ ಕಾಗದ ಎಲ್ಲ ಕಟ್ಟಿಕೊಂಡು ಮಕ್ಕಳ ರುಮಟಾಲಜಿಸ್ಟ್ ಹತ್ತಿರ ಒಮ್ಮೆ ಹೋಗಿ, ಸೂಜಿ ಬೇಕೋ ಬೇಡವೋ ಅವರು ಹೇಳಲಿ. ಆದರೆ ತಡ ಮಾಡಬೇಡಿ, ಎರಡು ವರ್ಷ ಆಗಲೇ ಹೋಗಿದೆ. ಎಎಸ್‌ಒ ಮತ್ತೆ ಮತ್ತೆ ಮಾಡಿಸುವ ದುಡ್ಡು ಬಸ್ ಚಾರ್ಜಿಗೆ ಇಟ್ಟುಕೊಳ್ಳಿ.

ಮೂರು ವಾರದಿಂದ ಐದು ವರ್ಷದ ಮಗಳಿಗೆ ದಿನಾ ಸಂಜೆ 103 ಜ್ವರ. ಬೆಳಿಗ್ಗೆ ಏನೂ ಇಲ್ಲ, ಆಡುತ್ತಾಳೆ. ವಿಡಾಲ್ ಪಾಸಿಟಿವ್ ಅಂತ ಟೈಫಾಯಿಡ್ ಔಷಧಿ ಎರಡು ಸಲ ಆಯಿತು. ಜ್ವರ ಬಂದಾಗ ಹೊಟ್ಟೆ ಮೇಲೆ ಕೆಂಪು ಗುಳ್ಳೆ ಥರ ಬಂದು ಹೋಗುತ್ತದೆ. — ತುಮಕೂರು

ಇದನ್ನು ಪತ್ರಿಕೆ ಬರುವವರೆಗೆ ಕಾಯಿಸದೆ ನಿಮಗೆ ಆಗಲೇ ಫೋನಿನಲ್ಲಿ ಹೇಳಿದ್ದೇನೆ. ಉಳಿದವರಿಗಾಗಿ ಬರೆಯುತ್ತೇನೆ.

ಒಂದೇ ಒಂದು ವಿಡಾಲ್ ಪರೀಕ್ಷೆ ನಂಬಿ ಟೈಫಾಯಿಡ್ ಅನ್ನುವುದು ನಮ್ಮ ಕಡೆ ಹಳೆಯ ಚಾಳಿ. ನಿಜವಾದ ಟೈಫಾಯಿಡ್ ಗೊತ್ತಾಗಬೇಕಾದರೆ ಬ್ಲಡ್ ಕಲ್ಚರ್ ಬೇಕು, ಅದೂ ಆಂಟಿಬಯೊಟಿಕ್ ಶುರು ಮಾಡುವ ಮುಂಚೆ. ಜೆಐಎಯಲ್ಲಿ ಇಡೀ ಮೈಯನ್ನೇ ಹಿಡಿಯುವ ಒಂದು ಬಗೆ ಇದೆ. ಇಂಗ್ಲೆಂಡಿನ ಜಾರ್ಜ್ ಫ್ರೆಡರಿಕ್ ಸ್ಟಿಲ್ ಅನ್ನುವ ವೈದ್ಯರು 1897ರಲ್ಲೇ ಇದರ ಬಗ್ಗೆ ಬರೆದಿದ್ದರು, ಅದಕ್ಕೇ ಇದಕ್ಕೆ ಸ್ಟಿಲ್ ಕಾಯಿಲೆ ಅಂತ ಹೆಸರು. ಗಡಿಯಾರ ನೋಡಿಕೊಂಡು ಬಂದ ಹಾಗೆ ದಿನಕ್ಕೊಂದು ಸಲ ಜ್ವರ ಏರುತ್ತದೆ, ಆಗ ಮಗು ಮುದುಡಿ ಮಲಗುತ್ತದೆ. ಇಳಿದ ಮೇಲೆ ಎದ್ದು ಆಡುತ್ತದೆ. ಜ್ವರದ ಜೊತೆ ತಿಳಿ ಗುಲಾಬಿ ಕಲೆಗಳು ಎದ್ದು, ಜ್ವರದ ಜೊತೆಗೇ ಹೋಗುತ್ತವೆ. ಡಾಕ್ಟರ್ ನೋಡುವ ಹೊತ್ತಿಗೆ ಮೈ ಚೊಕ್ಕ. ಫೋಟೊ ತೆಗೆದಿಟ್ಟುಕೊಳ್ಳಿ. ಕೀಲು ಊತ ಮೊದಲ ವಾರಗಳಲ್ಲಿ ಇಲ್ಲದೇ ಇರಬಹುದು, ಕೆಲವರಿಗೆ ತಿಂಗಳುಗಳ ನಂತರ ಬರುತ್ತದೆ. ಸೋಂಕು, ರಕ್ತದ ಕ್ಯಾನ್ಸರ್ ಎರಡೂ ಅಲ್ಲ ಅಂತ ಖಾತ್ರಿ ಮಾಡಿಕೊಂಡೇ ಸ್ಟೀರಾಯ್ಡ್ ಶುರು ಮಾಡುವುದು, ಅದಕ್ಕೇ ಬೋನ್ ಮ್ಯಾರೋ (ಮೂಳೆಯೊಳಗಿನ ಮಜ್ಜೆ) ಪರೀಕ್ಷೆ ಮಾಡಿಸಿ ಅಂತ ಹೇಳಿದರೆ ಗಾಬರಿಯಾಗಬೇಡಿ.

ಈ ಬಗೆಯಲ್ಲಿ ಒಂದು ದೊಡ್ಡ ಅಪಾಯ ಇದೆ. ಏರಿ ಇಳಿಯುತ್ತಿದ್ದ ಜ್ವರ ಇಳಿಯುವುದನ್ನೇ ಬಿಟ್ಟರೆ, ಮಗು ಮಂಕಾದರೆ, ಮೂಗು ಒಸಡಿನಲ್ಲಿ ರಕ್ತ ಬಂದರೆ, ಪ್ಲೇಟ್‌ಲೆಟ್ ಬೀಳುತ್ತಿದ್ದರೆ ಅದು ಐಸಿಯು ಇರುವ ಆಸ್ಪತ್ರೆಗೆ ಓಡುವ ಹೊತ್ತು. ಆಗ ಇಎಸ್‌ಆರ್ ಇಳಿದು, ಕಾಗದದ ಮೇಲೆ ಎಲ್ಲ ಸುಧಾರಿಸಿದ ಹಾಗೆ ಕಾಣಬಹುದು. ಮೋಸ ಹೋಗಬೇಡಿ.

ಹನ್ನೆರಡು ವರ್ಷದ ಮಗ ಕಬಡ್ಡಿ ಆಡುತ್ತಾನೆ. ಹಿಮ್ಮಡಿ ನೋವು, ಬೆಳಿಗ್ಗೆ ನೆಲಕ್ಕೆ ಕಾಲಿಡೋಕೆ ಆಗಲ್ಲ, ಒಂದು ಮಂಡಿ ಊದಿದೆ. ಚಪ್ಪಲಿ ಬದಲಿಸಿ ಅಂದರು. — ಮಂಡ್ಯ

ಚಪ್ಪಲಿ ಬದಲಿಸಿ, ತಪ್ಪಿಲ್ಲ. ಆದರೆ ಆ ಊದಿದ ಮಂಡಿಯನ್ನು ಚಪ್ಪಲಿ ಲೆಕ್ಕಕ್ಕೆ ಸೇರಿಸಬೇಡಿ. ಆಟದ ಮಕ್ಕಳ ಸಾಮಾನ್ಯ ಹಿಮ್ಮಡಿ ನೋವು ಆಡಿದ ಮೇಲೆ ಬರುತ್ತದೆ, ವಿಶ್ರಾಂತಿ ಕೊಟ್ಟರೆ ಹೋಗುತ್ತದೆ. ಬೆಳಿಗ್ಗೆ ಜಾಸ್ತಿ, ಓಡಾಡಿದ ಮೇಲೆ ಕಮ್ಮಿ ಅಂದರೆ ಸ್ನಾಯುವಿನ ತುದಿ ಮೂಳೆಗೆ ಅಂಟುವ ಜಾಗದಲ್ಲಿ ಉರಿಯೂತ ಇರಬಹುದು. ಆರು ವರ್ಷ ದಾಟಿದ ಗಂಡುಮಕ್ಕಳಲ್ಲಿ ಹೆಚ್ಚಾಗಿ ಬರುವ ಜೆಐಎಯ ಈ ಬಗೆ ನಮ್ಮ ದೇಶದಲ್ಲಿ ಚೆನ್ನಾಗೇ ಕಾಣಸಿಗುತ್ತದೆ. ತಂದೆಗೋ ಸೋದರಮಾವನಿಗೋ ಚಿಕ್ಕ ವಯಸ್ಸಿನಿಂದ ಬೆನ್ನು ಬಿಗಿತ ಇದೆಯಾ ಅಂತ ಮನೆಯಲ್ಲಿ ಕೇಳಿ. ಎಚ್‌ಎಲ್‌ಎ-ಬಿ27 ಅಂತ ಒಂದು ರಕ್ತ ಪರೀಕ್ಷೆ ಬರೆಯಬಹುದು, ಅದು ಪಾಸಿಟಿವ್ ಇದ್ದ ಮಾತ್ರಕ್ಕೆ ಕಾಯಿಲೆ ಅಂತ ಅಲ್ಲ. ತೊಡೆಸಂದಿ ಅಥವಾ ಸೊಂಟ ನೋವು ಶುರುವಾದರೆ ತಡ ಮಾಡಬೇಡಿ, ಸೊಂಟದ ಕೀಲು ಬೇಗ ಹಾಳಾಗುತ್ತದೆ.

ಮಗಳ ಮಂಡಿ ಈಗ ಪೂರ್ತಿ ಸರಿ ಇದೆ. ಆದರೂ ಮೂರು ತಿಂಗಳಿಗೊಮ್ಮೆ ಕಣ್ಣಿನ ಡಾಕ್ಟರಿಗೆ ತೋರಿಸಿ ಅಂತಾರೆ. ಕಣ್ಣು ಕೆಂಪಿಲ್ಲ, ನೀರಿಲ್ಲ. ಯಾಕೆ ಸುಮ್ನೆ? — ಹುಬ್ಬಳ್ಳಿ

ಸುಮ್ನೆ ಅಲ್ಲ ಮೇಡಂ. ಈ ಮಕ್ಕಳ ಕಣ್ಣಿನೊಳಗೆ ಬರುವ ಉರಿಯೂತಕ್ಕೆ ಕೆಂಪು ಇಲ್ಲ, ನೋವು ಇಲ್ಲ, ಮಗುವಿಗೆ ಗೊತ್ತೂ ಆಗುವುದಿಲ್ಲ. ನಮಗೆ ಗೊತ್ತಾಗುವ ಹೊತ್ತಿಗೆ ಪೊರೆ ಬಂದಿರುತ್ತದೆ ಅಥವಾ ಕಣ್ಣಿನ ಒತ್ತಡ ಏರಿರುತ್ತದೆ. ಚಿಕ್ಕ ವಯಸ್ಸಲ್ಲಿ ಶುರುವಾಗಿ ಎಎನ್‌ಎ ಅನ್ನುವ ರಕ್ತ ಪರೀಕ್ಷೆ ಪಾಸಿಟಿವ್ ಇರುವ ಮಕ್ಕಳಿಗೆ ಅಪಾಯ ಜಾಸ್ತಿ, ಮೊದಲ ನಾಲ್ಕು ವರ್ಷ ಇನ್ನೂ ಜಾಸ್ತಿ. ಮಂಡಿ ಆರಾಮಾಗಿದ್ದಾಗಲೂ ಕಣ್ಣಿಗೆ ಬರಬಹುದು, ಎರಡೂ ಒಂದಕ್ಕೊಂದು ಕಾಯುವುದಿಲ್ಲ. ಟಾರ್ಚ್ ಬಿಟ್ಟು ನೋಡಿದರೆ ಸಾಲದು, ಕಣ್ಣಿನೊಳಗನ್ನು ದೊಡ್ಡದಾಗಿ ತೋರಿಸುವ ಸ್ಲಿಟ್ ಲ್ಯಾಂಪ್ ಯಂತ್ರದಲ್ಲೇ ಆಗಬೇಕು. ಮೊದಲೇ ಸಿಕ್ಕರೆ ಹೆಚ್ಚಾಗಿ ಹನಿ ಔಷಧಿಯಿಂದ ಶುರು ಮಾಡುತ್ತಾರೆ. ತಪ್ಪಿಸಬೇಡಿ.

ಮೆಥೊಟ್ರೆಕ್ಸೇಟ್ ಬರೆದಿದ್ದಾರೆ. ಗೂಗಲ್ ಮಾಡಿದರೆ ಕ್ಯಾನ್ಸರ್ ಮಾತ್ರೆ ಅಂತ ಬರುತ್ತದೆ. ಮುಂದೆ ಮಕ್ಕಳಾಗಲ್ವಂತೆ, ಕೂದಲು ಉದುರುತ್ತಂತೆ. ಕೊಡಲೋ ಬೇಡವೋ ಅಂತ ಮನೆಯಲ್ಲಿ ದಿನಾ ಜಗಳ. — ಬೆಂಗಳೂರು

ಕೊಡಿ. ಕ್ಯಾನ್ಸರಿಗೆ ಕೊಡುವ ಪ್ರಮಾಣ ಇದರ ಎಷ್ಟೋ ಪಟ್ಟು. ಕೀಲಿಗೆ ಕೊಡುವುದು ಮೈಯ ಅಳತೆಯ ಪ್ರತಿ ಚದರ ಮೀಟರಿಗೆ ಸುಮಾರು 10ರಿಂದ 15 ಮಿಲಿಗ್ರಾಂ, ವಾರಕ್ಕೊಮ್ಮೆ. ಅಮೆರಿಕ ಮತ್ತು ಆಗಿನ ಸೋವಿಯತ್ ವೈದ್ಯರು ಸೇರಿ ಮಾಡಿದ ಅಧ್ಯಯನ 1992ರಲ್ಲಿ ಪ್ರಕಟವಾಯಿತು, ಈ ಚಿಕ್ಕ ಪ್ರಮಾಣ ಮಕ್ಕಳಲ್ಲಿ ಕೆಲಸ ಮಾಡುತ್ತದೆ ಅಂತ ಅದು ತೋರಿಸಿತು. ಅಷ್ಟು ವರ್ಷದ ಅನುಭವ ಇರುವ ಔಷಧಿ. ಈ ಪ್ರಮಾಣದಲ್ಲಿ ಮುಂದೆ ಮಕ್ಕಳಾಗದಿರುವ ಭಯ ಇಟ್ಟುಕೊಳ್ಳಬೇಡಿ. ಬಸಿರಾಗುವ ಮುಂಚೆ ನಿಲ್ಲಿಸಲೇಬೇಕು, ಆ ಮಾತು ಹುಡುಗಿ ವಯಸ್ಸಿಗೆ ಬಂದಾಗ ಡಾಕ್ಟರೇ ಹೇಳುತ್ತಾರೆ. ಕೂದಲು ಸ್ವಲ್ಪ ತೆಳುವಾಗಬಹುದು, ಬೋಳಾಗುವುದಿಲ್ಲ.

ನನಗೆ ಭಯ ಇರುವುದು ಬೇರೆ ಕಡೆ. ಇದು ವಾರಕ್ಕೆ ಒಂದೇ ದಿನ. ದಿನಾ ಕೊಟ್ಟರೆ ಜೀವಕ್ಕೆ ಅಪಾಯ. ಅಪ್ಪ ಅಮ್ಮ ಇಬ್ಬರೂ ಬೇರೆ ಬೇರೆ ಕೊಡುವುದು, ಊರಿಗೆ ಹೋದಾಗ ಅಜ್ಜಿ ದಿನಾ ಕೊಡುವುದು, ಅಂಗಡಿಯವನು ಚೀಟಿಯಲ್ಲಿ ದಿನಕ್ಕೊಂದು ಅಂತ ಬರೆಯುವುದು, ಎಲ್ಲವೂ ಆಗಬಹುದಾದ ತಪ್ಪುಗಳೇ. ವಾರದಲ್ಲಿ ಒಂದು ದಿನ ಆರಿಸಿ, ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಒಬ್ಬರೇ ಕೊಡಿ. ಶನಿವಾರ ರಾತ್ರಿ ಒಳ್ಳೆಯದು, ಭಾನುವಾರ ಹೊಟ್ಟೆ ತೊಳಸಿದರೂ ಶಾಲೆ ತಪ್ಪುವುದಿಲ್ಲ. ಜೊತೆಗೆ ಬರೆಯುವ ಫೋಲಿಕ್ ಆಸಿಡ್ ಅನ್ನುವ ವಿಟಮಿನ್ ಮಾತ್ರೆ ಬೇರೆ ದಿನ, ಡಾಕ್ಟರ್ ಹೇಳಿದ ಹಾಗೆ. ಕೆಲವು ಮಕ್ಕಳಿಗೆ ಆ ಹಳದಿ ಮಾತ್ರೆ ನೋಡಿದರೇ ವಾಕರಿಕೆ ಬರುತ್ತದೆ. ಬೈಯಬೇಡಿ, ಅದು ನಿಜವಾದ ವಾಕರಿಕೆ. ಡಾಕ್ಟರಿಗೆ ಹೇಳಿದರೆ ಚರ್ಮದ ಕೆಳಗಿನ ಸೂಜಿಗೆ ಬದಲಿಸುತ್ತಾರೆ.

ಕೆಲಸ ಕಾಣಲು 6ರಿಂದ 12 ವಾರ ಬೇಕು, ಎರಡೇ ವಾರಕ್ಕೆ ಏನೂ ಆಗಲಿಲ್ಲ ಅಂತ ಬಿಡಬೇಡಿ. ಲಿವರ್, ರಕ್ತಕಣದ ಪರೀಕ್ಷೆ ಹೇಳಿದ ದಿನಕ್ಕೆ ಮಾಡಿಸಿ. ಬೇರೆ ಯಾವ ಡಾಕ್ಟರಿಗೆ ತೋರಿಸಿದರೂ ಈ ಔಷಧಿ ನಡೆಯುತ್ತಿದೆ ಅಂತ ಮೊದಲೇ ಹೇಳಿ, ಕೋಟ್ರೈಮಾಕ್ಸಜೋಲ್‌ನಂಥ ಆಂಟಿಬಯೊಟಿಕ್ ಇದರ ಜೊತೆ ಆಗಿಬರುವುದಿಲ್ಲ. ಈ ಔಷಧಿ ದೇಹದ ರಕ್ಷಣಾ ವ್ಯವಸ್ಥೆಯನ್ನು ಸ್ವಲ್ಪ ತಗ್ಗಿಸುತ್ತದೆ, ಪಲ್ಸ್ ಪೋಲಿಯೊ ಹನಿಯೂ ದುರ್ಬಲಗೊಳಿಸಿದ ಜೀವಂತ ವೈರಸ್ ಇರುವ ಲಸಿಕೆಯೇ, ಹಾಕಿಸುವ ಮುಂಚೆ ನಿಮ್ಮ ಡಾಕ್ಟರನ್ನು ಕೇಳಿ. ಪಕ್ಕದ ಮನೆಯಲ್ಲಿ ಯಾರಿಗಾದರೂ ಸಿಡುಬಿನ ಥರದ ಗುಳ್ಳೆ, ಅಂದರೆ ಚಿಕನ್‌ಪಾಕ್ಸ್, ಬಂದಿದ್ದರೆ ಅವತ್ತೇ ಫೋನ್ ಮಾಡಿ. ಮೆಥೊಟ್ರೆಕ್ಸೇಟ್ ಸಾಲದಿದ್ದರೆ ಅಡಾಲಿಮುಮಾಬ್, ಎಟನರ್ಸೆಪ್ಟ್ ಥರದ ಸೂಜಿಗಳಿವೆ. ಅವು ದುಬಾರಿ, ಆದರೆ ನಮ್ಮ ದೇಶದಲ್ಲೇ ತಯಾರಾಗುವ ಬದಲಿಗಳು ಬಂದ ಮೇಲೆ ಬೆಲೆ ಇಳಿದಿದೆ. ಶುರು ಮಾಡುವ ಮುಂಚೆ ಟಿಬಿ ಪರೀಕ್ಷೆ ಮಾಡುತ್ತಾರೆ.

ಮೊಸರು, ಬದನೆಕಾಯಿ, ಆಲೂಗಡ್ಡೆ ವಾಯು, ನಂಜು ಅಂತ ಬಿಡಿಸಿದ್ದೇವೆ. ಇನ್ನೇನು ಬಿಡಿಸಬೇಕು? — ಹಾಸನ

ಬಿಡಿಸಿದ್ದನ್ನೆಲ್ಲ ವಾಪಸ್ ಕೊಡಿ. ಇದಕ್ಕೆ ಯಾವ ಪಥ್ಯವೂ ಇಲ್ಲ. ಕಾಯಿಲೆಯಲ್ಲಿ ಮಗುವಿನ ಬೆಳವಣಿಗೆ ಕುಂಠಿತವಾಗುತ್ತದೆ, ಮೂಳೆ ತೆಳುವಾಗುತ್ತದೆ, ಅಂಥದ್ದರಲ್ಲಿ ಮೊಸರು ಕಿತ್ತುಕೊಂಡರೆ ಹೇಗೆ? ರಾಗಿ ಮುದ್ದೆ, ಹಾಲು, ಮೊಸರು, ಮೊಟ್ಟೆ, ಬೇಳೆ. ಸ್ಟೀರಾಯ್ಡ್ ಮಾತ್ರೆ ನಡೆಯುತ್ತಿದ್ದರೆ ಉಪ್ಪಿನಕಾಯಿ, ಚಿಪ್ಸ್, ಸಿಹಿ ಕಮ್ಮಿ ಮಾಡಿ. ಅಷ್ಟೇ.

ನಾನು ಸರ್ಕಾರಿ ಶಾಲೆ ಶಿಕ್ಷಕಿ. ಐದನೇ ತರಗತಿಯ ಒಬ್ಬ ಹುಡುಗಿ ಪ್ರಾರ್ಥನೆ ಹೊತ್ತಿಗೆ ಮರಗಟ್ಟಿದ ಹಾಗೆ ನಿಲ್ಲುತ್ತಾಳೆ, ಬರವಣಿಗೆ ನಿಧಾನ, ನೆಲದ ಮೇಲೆ ಕೂತರೆ ಏಳೋಕೆ ಒದ್ದಾಡುತ್ತಾಳೆ. ಮಧ್ಯಾಹ್ನ ಪರವಾಗಿಲ್ಲ. ಸೋಮಾರಿ ಅಂತ ಎಲ್ಲರೂ ಬೈಯುತ್ತಾರೆ. ನನಗೆ ಅನುಮಾನ. — ಚಿಕ್ಕಬಳ್ಳಾಪುರ

ನಿಮ್ಮ ಅನುಮಾನ ಸರಿಯಾದ ಜಾಗದಲ್ಲೇ ಇದೆ. ಆಟದ ಹಾಗೆ ಒಂದಿಷ್ಟು ಮಾಡಿಸಿ, ಬೆಳಿಗ್ಗೆಯೇ. ನಮಸ್ಕಾರ ಮಾಡಿ ಮೊಣಕೈ ಮೇಲೆತ್ತು ಅನ್ನಿ, ಮಣಿಕಟ್ಟು ಪೂರ್ತಿ ಬಾಗುತ್ತದಾ ನೋಡಿ. ಮುಷ್ಟಿ ಕಟ್ಟಿಸಿ, ಬೆರಳು ಅಂಗೈ ಮುಟ್ಟುತ್ತವಾ? ಕೈ ಮೇಲೆತ್ತಿ ಸೂರು ನೋಡು ಅನ್ನಿ. ಬಾಯಿ ಅಗಲಿಸಿ ಅವಳದೇ ಮೂರು ಬೆರಳು ಅಡ್ಡಕ್ಕಲ್ಲ, ಮೇಲೆ ಕೆಳಗೆ ಜೋಡಿಸಿ ಒಳಗಿಡಲು ಆಗುತ್ತದಾ? ದವಡೆಯ ಕೀಲಿಗೂ ಇದು ಬರುತ್ತದೆ, ಗಲ್ಲ ಚಿಕ್ಕದಾಗುತ್ತದೆ, ಅದನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ಕುಕ್ಕರಗಾಲಲ್ಲಿ ಕೂತು ಕೈ ಊರದೆ ಏಳಲಿ. ತುದಿಗಾಲಲ್ಲಿ, ಹಿಮ್ಮಡಿಯಲ್ಲಿ ನಡೆಯಲಿ. ಯಾವುದರಲ್ಲಾದರೂ ತಡೆದರೆ ತಾಯಿಯನ್ನು ಕರೆಸಿ ಮಾತಾಡಿ, ಜಿಲ್ಲಾ ಆಸ್ಪತ್ರೆಯ ಮಕ್ಕಳ ವೈದ್ಯರ ಹತ್ತಿರ ಕಳಿಸಿ. ಶಾಲೆಗೆ ಮಕ್ಕಳ ಆರೋಗ್ಯ ತಪಾಸಣೆಗೆ ಸರ್ಕಾರದ ಆರ್‌ಬಿಎಸ್‌ಕೆ ತಂಡ ಬರುತ್ತದಲ್ಲ, ಅವರಿಗೂ ಇವಳನ್ನೇ ಬೆರಳಿಟ್ಟು ತೋರಿಸಿ.

ಅಲ್ಲಿಯವರೆಗೆ ನೀವು ಮಾಡಬಹುದಾದ್ದು: ಬೆಂಚು ಅಥವಾ ಕುರ್ಚಿ ಕೊಡಿ, ಅರ್ಧ ಗಂಟೆಗೊಮ್ಮೆ ಬೋರ್ಡು ಒರೆಸು, ನೀರು ತಾ ಅಂತ ಎಬ್ಬಿಸಿ ಓಡಾಡಿಸಿ. ದಪ್ಪ ಹಿಡಿಯ ಪೆನ್ ಕೊಡಿಸಿ, ಬರೆಯಲು ಹತ್ತು ನಿಮಿಷ ಹೆಚ್ಚಿಗೆ ಬಿಡಿ. ಪುಸ್ತಕದ ಇನ್ನೊಂದು ಜೊತೆ ಶಾಲೆಯಲ್ಲೇ ಇರಲಿ. ಆಟದಿಂದ ಪೂರ್ತಿ ಹೊರಗಿಡಬೇಡಿ, ಊತ ಜಾಸ್ತಿ ಇರುವ ದಿನ ಬಿಟ್ಟು ಉಳಿದ ದಿನ ಅವಳಿಗೆ ಆದಷ್ಟು ಆಡಲಿ, ಸೈಕಲ್ ತುಳಿಯಲಿ. ಮತ್ತೆ ಆ ಬೈಯುವವರಿಗೆ, ಬೆಳಿಗ್ಗೆ ಒಂಬತ್ತೂವರೆಗೆ ಒಂದು ಸಲ, ಮಧ್ಯಾಹ್ನ ಎರಡಕ್ಕೆ ಒಂದು ಸಲ ಅವಳು ಬರೆದ ಒಂದೊಂದು ಪುಟ ಪಕ್ಕಪಕ್ಕ ಇಟ್ಟು ತೋರಿಸಿ. ಡಾಕ್ಟರ ಹತ್ತಿರ ಹೋಗುವಾಗ ತಾಯಿಯ ಕೈಗೂ ಆ ಎರಡು ಪುಟ ಕೊಟ್ಟು ಕಳಿಸಿ.